ಒಂಬತ್ತು ಕಿಲೋ ಮೊಳೆ

ಛಾವಣಿ ಹತ್ತುವವನಿಗೆ ಧೈರ್ಯ ಬೇಕು ಅನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಧೈರ್ಯ ಇದ್ದವರೆಲ್ಲ ಈಗ ಕೋಲು ಹಿಡಿದು ನಡೆಯುತ್ತಿದ್ದಾರೆ. ಬೇಕಾದದ್ದು ಹೆದರಿಕೆ. ಅದೂ ದಿನಾ ಬೆಳಿಗ್ಗೆ ಹೊಸದಾಗಿ ಹುಟ್ಟುವ ಹೆದರಿಕೆ. ದೇವರ ದಯೆಯಿಂದ ಅದು ನನ್ನಲ್ಲಿ ಬೇಕಾದಷ್ಟಿತ್ತು. ಹದಿನೆಂಟು ವರ್ಷ ಹೆಂಚಿನ ಕೆಲಸ ಮಾಡಿದವನು ನಾನು. ಆ ದಿನದವರೆಗೆ ಒಂದು ಮೊಣಕಾಲನ್ನೂ ತರಚಿಕೊಂಡಿರಲಿಲ್ಲ.

ಅದಕ್ಕೆ ಕಾರಣ ನನ್ನ ಮಾವ, ಅಂದರೆ ಹೆಂಡತಿಯ ಅಪ್ಪ, ಕಂಡುಹಿಡಿದ ಉಪಾಯ. ಛಾವಣಿಗೆ ಎರಡು ಇಳಿಜಾರು ಇರುತ್ತವಲ್ಲ, ಒಂದರ ಮೇಲೆ ಒಬ್ಬ, ಇನ್ನೊಂದರ ಮೇಲೆ ಇನ್ನೊಬ್ಬ. ಇಬ್ಬರ ಸೊಂಟಕ್ಕೂ ಒಂದೇ ಹಗ್ಗ, ಅದು ಛಾವಣಿಯ ನೆತ್ತಿಯ ಮೇಲಿಂದ ಹಾದುಹೋಗಿರುತ್ತದೆ. ಈ ಕಡೆಯವನು ಜಾರಿದರೆ ಆ ಕಡೆಯವನ ತೂಕ ಹಿಡಿಯುತ್ತದೆ. ಆ ಕಡೆಯವನು ಜಾರಿದರೆ ಈ ಕಡೆಯವನದು. ಇಬ್ಬರೂ ಒಟ್ಟಿಗೆ ಜಾರಿದರೋ, ಇಬ್ಬರಿಗೂ ಹೋಗಲು ಜಾಗವೇ ಇರುವುದಿಲ್ಲ. ಬೇರೆ ಮೇಸ್ತ್ರಿಗಳು ಗೋಡೆಗೆ ಕೊಕ್ಕೆ ಹೊಡೆದು ಅದಕ್ಕೆ ತಮ್ಮನ್ನು ಸಿಕ್ಕಿಸಿಕೊಳ್ಳುತ್ತಾರೆ, ನಮ್ಮನ್ನು ನೋಡಿ ಹಲ್ಲು ಕಿರಿಯುತ್ತಾರೆ. ಕಿರಿಯಲಿ. ಕೊಕ್ಕೆ ಕಿತ್ತು ಬರುವ ಮೊದಲು ಕೆಮ್ಮುವುದಿಲ್ಲ. ನನ್ನ ಭಾಮೈದ ಕೆಮ್ಮುತ್ತಾನೆ.

ಭಾಮೈದ ಅಂದರೆ ನನ್ನ ಹೆಂಡತಿಯ ತಮ್ಮ. ಹಗ್ಗದ ಆ ಕಡೆಯವನು ಅವನೇ. ದಿನಕ್ಕೆ ಇಪ್ಪತ್ತು ಮಾತು ಆಡಿದರೆ ಹೆಚ್ಚು, ಅದರಲ್ಲಿ ಹತ್ತು ‘ಹೂಂ ಭಾವ’. ಉಳಿದ ಮಾತೆಲ್ಲ ನನ್ನದು. ಒಂದು ಹಗ್ಗಕ್ಕೆ ಇಬ್ಬರು ವಾಚಾಳಿಗಳು ಇದ್ದರೆ ಕೆಲಸ ಸಾಗುವುದಿಲ್ಲವಾದ್ದರಿಂದ ಇದೂ ಒಂದು ರೀತಿಯ ಸಮತೋಲನ ಅಂತಲೇ ನಾನು ತಿಳಿದಿದ್ದೆ.

ಮಾವ ಮೂರು ನಿಯಮ ಬಿಟ್ಟು ಹೋಗಿದ್ದರು. ಹಗ್ಗದ ಒಂದು ತುದಿಯಲ್ಲಿ ಮನುಷ್ಯ ಇರುವಾಗ ಇನ್ನೊಂದು ತುದಿ ಖಾಲಿ ಇರಕೂಡದು. ಗಂಟು ಹಾಕಿದವನೇ ಗಂಟು ಬಿಚ್ಚಬೇಕು. ಇಬ್ಬರ ತೂಕವೂ ಸಮ ಇರಬೇಕು, ತಪ್ಪಿದರೆ ಜೋಡಿ ಮುರಿಯಿತು, ಭಾರ ಹೆಚ್ಚಾದವನು ಕೆಳಗಿಳಿಯಬೇಕು. ಇಷ್ಟು ಹೇಳಿ ಮಾವ ತೀರಿಕೊಂಡರು. ನಲವತ್ತು ವರ್ಷ ಛಾವಣಿಗಳ ಮೇಲೆ ಓಡಾಡಿದವರು ಸತ್ತದ್ದು ನೆಗಡಿಯಿಂದ.

ತೂಕ ನೋಡುವುದು ಹೇಗೆ ಅಂದರೆ, ನಮ್ಮ ಹಿತ್ತಲಲ್ಲಿ ಒಂದು ದುಂಡನೆಯ ಮರದ ದಿಮ್ಮಿ ಇದೆ. ಅದರ ಮೇಲೆ ಒಂದು ಹಲಗೆ. ದಿನಾ ಬೆಳಿಗ್ಗೆ ಏಳಕ್ಕೆ ನಾನು ಈ ತುದಿ, ಅವನು ಆ ತುದಿ. ನನ್ನ ಹೆಂಡತಿ ಹೊಲಿಗೆ ಮಿಷನ್ನಿನಿಂದ ಎದ್ದು, ಅಳತೆ ಟೇಪನ್ನು ಕೊರಳಲ್ಲಿ ಹಾಕಿಕೊಂಡೇ ಬಂದು, ಬಗ್ಗಿ ಹಲಗೆಯ ಕೆಳಗೆ ನೋಡಿ, ‘ಸಮ ಇದೆ, ಹೊರಡಿ’ ಅನ್ನುತ್ತಾಳೆ. ಇಬ್ಬರು ಗಂಡಸರು ಮಕ್ಕಳ ಹಾಗೆ ಏರುಹಲಗೆ ಆಡುವುದನ್ನು ಪಕ್ಕದ ಮನೆಯವರು ಹದಿನೆಂಟು ವರ್ಷ ನೋಡಿ ನೋಡಿ ನಗುವುದನ್ನೇ ಬಿಟ್ಟಿದ್ದರು. ಒಂದು ದಿನವೂ ಹಲಗೆ ವಾಲಿದ್ದಿಲ್ಲ. ಈ ಬಗ್ಗೆ ನನಗೆ ಎಷ್ಟು ಜಂಬ ಇತ್ತೆಂದರೆ, ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ.

ಆ ದಿನ ನಾವು ಹತ್ತಿದ್ದು ತೂಕದ ಸಾಹೇಬರ ಮನೆ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತೈದು ವರ್ಷ ಅಂಗಡಿಯವರ ತಕ್ಕಡಿಗಳನ್ನು ಹಿಡಿದು ನಡುಗಿಸಿ ನಿವೃತ್ತರಾದವರು. ನಿವೃತ್ತಿಯ ದಿನ ಇಲಾಖೆ ಒಂದು ಪ್ಲಾಟ್‌ಫಾರಂ ತಕ್ಕಡಿಯನ್ನೇ ಉಡುಗೊರೆ ಕೊಟ್ಟಿತ್ತು. ಅದನ್ನು ಅಂಗಳದಲ್ಲಿ, ತಮ್ಮ ಬೆತ್ತದ ಕುರ್ಚಿಯ ಪಕ್ಕದಲ್ಲೇ ಇಟ್ಟುಕೊಂಡು, ಗೇಟಿನೊಳಗೆ ಬಂದದ್ದನ್ನೆಲ್ಲ ತೂಗುತ್ತಿದ್ದರು. ಪೇಪರು ತೂಗಿದರು, ತರಕಾರಿ ತೂಗಿದರು, ನಮ್ಮ ಹೆಂಚಿನ ಕಟ್ಟುಗಳನ್ನೆಲ್ಲ ತೂಗಿದರು. ನಮ್ಮನ್ನೂ ತೂಗುತ್ತೇನೆ ಅಂದಾಗ ಭಾಮೈದ ಬೇಡ ಅಂತ ತಲೆ ಅಲ್ಲಾಡಿಸಿ ಸರಸರ ಏಣಿ ಹತ್ತಿಬಿಟ್ಟ. ನಾಚಿಕೆಯ ಸ್ವಭಾವ ಅಂದುಕೊಂಡೆ.

ಮನೆಯ ಮುಂದೆ ಅಂಗಳ, ಗೇಟು, ಬೀದಿ. ಹಿಂದೆ ಏನೂ ಇಲ್ಲ. ಏನೂ ಇಲ್ಲ ಅಂದರೆ ನಿಜವಾಗಿಯೂ ಏನೂ ಇಲ್ಲ. ಹೆದ್ದಾರಿಗಾಗಿ ಗುಡ್ಡವನ್ನು ಕಡಿದು ಹಾಕಿದ್ದರು. ಹಿಂದಿನ ಗೋಡೆಯ ಬುಡದಿಂದ ನೇರ ಮೂವತ್ತು ಅಡಿ ಕೆಳಗೆ ಲಾರಿಗಳು ಹೋಗುತ್ತಿದ್ದವು. ಅಲ್ಲಿ ಏಣಿ ನಿಲ್ಲಿಸಲು ನೆಲವೇ ಇರಲಿಲ್ಲ. ಆದ್ದರಿಂದ ಏಣಿ ಮುಂದಿನ ಕಡೆ, ಭಾಮೈದ ಮುಂದಿನ ಇಳಿಜಾರಿನಲ್ಲಿ, ಹೆಚ್ಚು ಹೆದರಿಕೆ ಇರುವ ನಾನು ಹಿಂದಿನ ಇಳಿಜಾರಿನಲ್ಲಿ. ಹೆಚ್ಚು ಹೆದರುವವನೇ ಅಪಾಯದ ಕಡೆ ಇರಬೇಕು ಅನ್ನುವುದು ನನ್ನ ಸ್ವಂತ ಸಿದ್ಧಾಂತ.

ಮೂರೂವರೆ ಹೊತ್ತಿಗೆ ನಾನು ಪಾಚಿ ಉಜ್ಜಿ, ನೀರು ಹೊಯ್ದು ಹೆಂಚು ತೊಳೆಯುತ್ತಿದ್ದೆ. ಆ ಕಡೆಯಿಂದ ‘ಪರ್’ ಅಂತ ಬಟ್ಟೆ ಹರಿದ ಸದ್ದು ಬಂತು. ಮರುಕ್ಷಣವೇ ಯಾರೋ ಕಬ್ಬಿಣದಂಗಡಿಯನ್ನು ಛಾವಣಿಯ ಮೇಲೆ ಸುರಿದ ಹಾಗೆ ಖಣಖಣ, ಖಣಖಣ. ಅದೇ ಹೊತ್ತಿಗೆ ನಾನು ಜಾರತೊಡಗಿದೆ. ಜೋರಾಗಿ ಅಲ್ಲ, ನಿಧಾನವಾಗಿ, ಮರ್ಯಾದೆಯಿಂದ. ಕೈಯಲ್ಲಿದ್ದ ಬ್ರಷ್ಷನ್ನು ಹೆಂಚಿಗೆ ಒತ್ತಿ ಹಿಡಿದೆ, ಬ್ರಷ್ಷೂ ನನ್ನ ಜೊತೆ ಬಂತು. ಕೊನೆಗೆ ಸೂರಿನ ಅಂಚಿನಲ್ಲಿದ್ದ ಮಳೆನೀರಿನ ತಗಡಿನ ದೋಣಿಗೆ ಎರಡು ಪಾದ ಸಿಕ್ಕಿ ನಿಂತೆ. ಹಿಮ್ಮಡಿಯ ಹಿಂದೆ ಲಾರಿಯೊಂದು ಹಾರ್ನ್ ಹೊಡೆಯಿತು.

‘ಏನೋ ಅದು?’ ಅಂತ ಕೂಗಿದೆ.

ಖಣಖಣ ಅಂಗಳದವರೆಗೂ ಉರುಳಿಕೊಂಡು ಹೋಯಿತು. ಆಮೇಲೆ, ‘ಮೊಳೆ, ಭಾವ.’

‘ಎಲ್ಲಿತ್ತೋ ಅಷ್ಟು ಮೊಳೆ?’

‘ಶರ್ಟೊಳಗೆ.’

ಅಷ್ಟರಲ್ಲಿ ಅಂಗಳದಿಂದ ಸಾಹೇಬರ ಉತ್ಸಾಹದ ದನಿ ಕೇಳಿತು. ಬಿದ್ದದ್ದನ್ನೆಲ್ಲ ಹೆಕ್ಕಿ ಆಗಲೇ ತಕ್ಕಡಿಗೆ ಹಾಕಿದ್ದರು. ‘ಆರಿಂಚಿನ ಮೊಳೆ, ವಾಷರು, ಬಾಗಿಲ ಕೀಲು ನಾಲ್ಕು! ಒಟ್ಟು ಒಂಬತ್ತು ಕಿಲೋ ನೂರೈವತ್ತು ಗ್ರಾಂ!’

ನನಗೆ ಎಲ್ಲ ಅರ್ಥವಾಯಿತು. ಅರ್ಥವಾಯಿತು ಅಂದುಕೊಂಡೆ. ಇವನು ಸೊರಗಿದ್ದಾನೆ. ಒಂಬತ್ತು ಕಿಲೋ ಇಳಿದಿದ್ದಾನೆ. ಅದನ್ನು ಮುಚ್ಚಿಡಲು ಮೈಗೆಲ್ಲ ಕಬ್ಬಿಣ ತುಂಬಿಕೊಂಡು ದಿನಾ ಹಲಗೆಯ ಮೇಲೆ ಕೂತಿದ್ದಾನೆ. ನನ್ನ ಜೀವ ಇಷ್ಟು ದಿನ ನೇತಾಡುತ್ತಿದ್ದದ್ದು ಬಾಗಿಲ ಕೀಲಿಗೆ! ನನ್ನ ಪಿತ್ತ ನೆತ್ತಿಗೇರಿತು.

‘ಕಳ್ಳ! ತಕ್ಕಡಿಗೇ ಮೋಸ ಮಾಡ್ತೀಯೇನೋ? ಯಾರ ಕಣ್ಣಿಗೆ ಚೆಂದ ಕಾಣ್ಬೇಕು ಅಂತ ಊಟ ಬಿಟ್ಟಿದ್ದೀಯ?’

ನಾನು ಅಷ್ಟಕ್ಕೇ ಬಿಡಲಿಲ್ಲ.

‘ನಿಮ್ಮಪ್ಪ ಇದ್ದಿದ್ರೆ ನಿನ್ನನ್ನ ಏಣಿ ಹತ್ತಿರಕ್ಕೂ ಬಿಡ್ತಿರ್ಲಿಲ್ಲ. ನಿನ್ನ ಹಗ್ಗಕ್ಕೆ ಕಟ್ಟಿಸ್ಕೊಂಡೆನಲ್ಲ, ನನ್ನ ಬುದ್ಧಿಗಿಷ್ಟು!’

ಈಗ ನೆನೆದರೆ ನಾಲಿಗೆ ಕಚ್ಚಿಕೊಳ್ಳುವ ಹಾಗಾಗುತ್ತದೆ. ಆಗ ಮಾತ್ರ ಇನ್ನೂ ನಾಲ್ಕು ಮಾತು ಹೊಳೆಯಲಿಲ್ಲವಲ್ಲ ಅಂತ ಬೇಸರವಾಯಿತು. ಏಣಿ ಕಿರ್ ಕಿರ್ ಅಂದಿತು. ಸೊಂಟಕ್ಕೆ ಸುತ್ತಿಕೊಂಡ ಹೆಚ್ಚಿನ ಹಗ್ಗವನ್ನು ಸುತ್ತು ಸುತ್ತಾಗಿ ಬಿಡುತ್ತ ಅವನು ಕೆಳಗಿಳಿಯುತ್ತಿದ್ದ. ಕೆಳಗೆ ಹೋಗಿ ಏನು ಮಾಡಿದನೆಂದು ನನಗೆ ಕಾಣಿಸಲಿಲ್ಲ, ನಡುವೆ ಇಡೀ ಛಾವಣಿ ಇತ್ತು. ಆದರೆ ಮಾತು ಸ್ಪಷ್ಟವಾಗಿ ಕೇಳಿತು.

‘ಸಾರ್, ನಿಮ್ಮ ತೂಕ ಎಷ್ಟು?’

ಜೀವಮಾನವಿಡೀ ಬೇರೆಯವರ ತೂಕ ಕೇಳಿದವರಿಗೆ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ ಅಂತ ಕಾಣುತ್ತದೆ. ದನಿಯೇ ಅರಳಿತು. ‘ತೊಂಬತ್ತೆರಡು ಕಿಲೋ ನಾನೂರು ಗ್ರಾಂ. ಬೆಳಗಿನ ಲೆಕ್ಕ. ಮಧ್ಯಾಹ್ನದ ಊಟ ಸೇರಿಸ್ಬೇಕಾ?’

‘ಬೇಡ ಸಾರ್, ಸಾಕು. ಸ್ವಲ್ಪ ಕೈ ಎತ್ತಿ.’

ಹಗ್ಗ ಎರಡು ಸಲ ಬಿಗಿಯಾಯಿತು. ಗೇಟು ಕಿರುಗುಟ್ಟಿತು. ಭಾಮೈದ ಹೊರಟು ಹೋಗಿದ್ದ. ನಿಯಮ ಮಾತ್ರ ಮುರಿದಿರಲಿಲ್ಲ. ಅಷ್ಟು ಸಿಟ್ಟಿನಲ್ಲೂ ಹಗ್ಗದ ತುದಿ ಖಾಲಿ ಬಿಡದೆ, ಮನೆಯ ಯಜಮಾನರನ್ನೇ ಕಟ್ಟಿ ಹೋಗಿದ್ದ.

‘ಸಾರ್,’ ಅಂತ ಕೂಗಿದೆ. ‘ನೀವು ದಯವಿಟ್ಟು ಅಲ್ಲಾಡ್ಬೇಡಿ.’

‘ಅಲ್ಲಾಡ್ದೇ ಇರೋಕೆ ಆಗಲ್ಲಪ್ಪ,’ ಅಂದರು ಸಾಹೇಬರು. ‘ಐದು ಗಂಟೆಯೊಳಗೆ ಪಿಂಚಣಿ ಆಫೀಸಿಗೆ ಹೋಗಿ ನಾನು ಬದುಕಿದ್ದೀನಿ ಅಂತ ಮುಖ ತೋರಿಸ್ಬೇಕು. ಇವತ್ತೇ ಕೊನೇ ದಿನ. ಹೋಗ್ಲಿಲ್ಲ ಅಂದ್ರೆ ನಾನು ಸತ್ತ ಲೆಕ್ಕ.’

‘ನೀವು ಹೋದ್ರೆ ನಾನು ಸತ್ತ ಲೆಕ್ಕ, ಸಾರ್.’

ಅವರು ಯೋಚಿಸಿದರು. ಎರಡೂ ಕಡೆ ತೂಗಿ ನೋಡುತ್ತಿದ್ದರೋ ಏನೋ. ಆಮೇಲೆ, ‘ಶರ್ಟು ಪ್ಯಾಂಟು ಹಾಕ್ಕೊಂಡು ಬಂದು ಮಾತಾಡೋಣ’ ಅಂತ ಎದ್ದು ಮನೆಯ ಕಡೆಗೆ ಎರಡು ಹೆಜ್ಜೆ ಇಟ್ಟರು.

ಅವರು ಮನೆಯ ಹತ್ತಿರ ಬಂದರೆ ಹಗ್ಗ ಸಡಿಲ. ಹಗ್ಗ ಸಡಿಲವಾದರೆ ಭಾರವೆಲ್ಲ ತಗಡಿನ ದೋಣಿಯ ಮೇಲೆ. ದೋಣಿ ‘ಕುಯ್ಯ್’ ಅಂತ ಬಾಗಿತು. ‘ಹಿಂದೆ ಹೋಗಿ ಸಾರ್! ಹಿಂದೆ ಹೋಗಿ!’ ಅಂತ ಅರಚಿದೆ. ಅವರು ಗಾಬರಿಯಲ್ಲಿ ಹಿಂದೆ ಹಿಂದೆ ನಡೆದು ಗೇಟಿಗೆ ಬೆನ್ನು ಕೊಟ್ಟು ನಿಂತರಂತೆ. ನಾನು ಹೊಟ್ಟೆಯ ಮೇಲೆ ಮೊಸಳೆಯ ಹಾಗೆ ಸರಸರ ಮೇಲೆ ಬಂದೆ. ನೆತ್ತಿ ಇನ್ನೂ ಎರಡು ಮೊಳ ದೂರ ಇತ್ತು.

ಆಗ ಉಪಾಯ ಹೊಳೆಯಿತು. ‘ಸಾರ್, ಗೇಟು ತೆಗೆದು ಹಾಗೇ ಬೀದಿಗೆ ನಾಲ್ಕು ಹೆಜ್ಜೆ ಹೋಗಿ. ನಾನು ನೆತ್ತಿಗೆ ಬಂದ್ಬಿಡ್ತೀನಿ.’

‘ಆಗಲ್ಲ.’

‘ಯಾಕೆ ಸಾರ್?’

‘ನಾನು ಬನೀನು ಚಡ್ಡೀಲಿ ಇದ್ದೀನಿ.’

‘ಇದ್ರೆ ಇರ್ಲಿ ಸಾರ್!’

‘ಮೂವತ್ತೈದು ವರ್ಷ ಈ ಬೀದಿಯ ಪ್ರತಿ ಅಂಗಡಿಯವನಿಗೂ ನೋಟೀಸು ಕೊಟ್ಟವನು ನಾನು. ಪಟ್ಟೆ ಚಡ್ಡೀಲಿ ಅವರ ಮುಂದೆ ನಿಲ್ಲಲಾ? ಹತ್ತಿರದಿಂದ ನೋಡಿದ್ರೆ ಬನೀನಿಗೆ ತೂತೂ ಇದೆ.’ ಸುತ್ತ ನೋಡಿದರು ಅಂತ ಕಾಣುತ್ತದೆ. ‘ಮನೆಯವಳು ತಂಗಿ ಮನೆಗೆ ಹೋಗಿದ್ದಾಳೆ. ಇದ್ದಿದ್ರೆ ಶರ್ಟು ತಂದು ಕೊಡ್ತಿದ್ಲು.’

ಗಂಟು ಬಿಚ್ಚಲು ನೋಡಿದರು. ಮಾವನ ಗಂಟು ಅದು. ಹಾಕಿದವನ ಕೈಗೆ ಬಿಟ್ಟು ಬೇರೆಯವರ ಕೈಗೆ ಬಿಗಿಯುತ್ತಲೇ ಹೋಗುತ್ತದೆ. ಬಿಚ್ಚಿದ್ದರೂ ನನ್ನ ಗತಿ ಏನಾಗುತ್ತಿತ್ತು ಅಂತ ಅವರಿಗೆ ಹೊಳೆದಂತಿರಲಿಲ್ಲ, ನಾನೇ ಹೇಳಬೇಕಾಯಿತು.

‘ನಿಮ್ಮ ಭಾಮೈದ ಎದುರಿಗೇ ಇದ್ದಾನೆ,’ ಅಂದರು ಸಾಹೇಬರು ಸ್ವಲ್ಪ ಹೊತ್ತಿನ ಮೇಲೆ. ‘ಬೀದಿಯ ಆ ಕಡೆ, ಮೋರಿ ಕಟ್ಟೆ ಮೇಲೆ ಮುಖ ಊದಿಸ್ಕೊಂಡು ಕೂತಿದ್ದಾನೆ. ಕರೀಲಾ?’

‘ಕರೀರಿ.’

ಕರೆದರು. ಏನೋ ಉತ್ತರ ಬಂತು. ‘ತಪ್ಪಾಯ್ತು ಅನ್ನಬೇಕಂತೆ ನೀವು,’ ಅಂದರು.

‘ನಾನಾ? ಮೊಳೆ ತುಂಬ್ಕೊಂಡವನು ಅವನು, ತಪ್ಪಾಯ್ತು ಅನ್ನೋನು ನಾನಾ? ಆಗಲ್ಲ ಅನ್ನಿ.’

‘ಆಗಲ್ವಂತೆ!’ ಅಂತ ಬೀದಿಗೆ ಕೂಗಿದರು. ಆಮೇಲೆ ನನ್ನ ಕಡೆ ತಿರುಗಿ, ‘ನೋಡಿ ಮೇಸ್ತ್ರಿ, ಒಂದು ಮಾತು ಹೇಳಿಬಿಟ್ರೆ ಮುಗಿಯುತ್ತೆ. ನಿಮಗೆ ಜೀವ ದೊಡ್ಡದಾ, ಮಾನ ದೊಡ್ಡದಾ?’

‘ಅದೇ ಪ್ರಶ್ನೆ ನಿಮಗೂ ಸಾರ್. ನಿಮಗೆ ಪಿಂಚಣಿ ದೊಡ್ಡದಾ, ಚಡ್ಡಿ ದೊಡ್ಡದಾ?’

ನಾಲ್ಕು ಗಂಟೆಯ ಬಿಸಿಲು. ನೆತ್ತಿಯ ಆ ಕಡೆ ಒಬ್ಬ ಚಡ್ಡಿಗಾಗಿ, ಈ ಕಡೆ ಒಬ್ಬ ಒಂದು ಮಾತಿಗಾಗಿ. ಸಾಹೇಬರಿಗೆ ಕಾಲು ಸೋತಿತೆಂದು ಕುರ್ಚಿಗೆ ವಾಪಸ್ಸಾದರು, ನಾನು ಮತ್ತೆ ದೋಣಿಯವರೆಗೆ ಇಳಿದೆ. ಬೆನ್ನು ತುರಿಸಿತೆಂದು ಗೇಟಿಗೆ ಹೋಗಿ ಉಜ್ಜಿಕೊಂಡರು, ನಾನು ಮೇಲೆ ಬಂದೆ. ಹೀಗೆ ನಾಲ್ಕು ಸಲ ಹತ್ತಿ ಇಳಿದೆ. ಮೇಲೆ ಹೋದಾಗೆಲ್ಲ ಒಂದೊಂದು ಹೆಂಚು ಉಜ್ಜಿದೆ. ಸಿಟ್ಟು ಎಷ್ಟೇ ಇದ್ದರೂ ಕೆಲಸ ಕೆಲಸವೇ.

ಐದನೆಯ ಸಲ ದೋಣಿಯಲ್ಲಿ ನಿಂತಿದ್ದಾಗ ಜೇಬಿನಲ್ಲಿದ್ದ ಫೋನು ಬಡಿದುಕೊಂಡಿತು. ಒಂದು ಕೈ ಬಿಡಿಸಿ ಕಿವಿಗೆ ಹಿಡಿದೆ. ಹೆಂಡತಿ.

‘ಏನ್ರೀ, ತಮ್ಮ ಫೋನ್ ಮಾಡಿದ್ದ. ಅವನನ್ನ ಬೈದ್ರಂತೆ?’

‘ನೀನೊಬ್ಬಳು ಬಾಕಿ ಇದ್ದೆ. ನಾನೆಲ್ಲಿದ್ದೀನಿ ಗೊತ್ತಾ? ನಿನ್ನ ತಮ್ಮ ಮಾಡಿರೋ ಘನಂದಾರಿ ಕೆಲಸ ಗೊತ್ತಾ?’

‘ಗೊತ್ತು. ಆ ಜೇಬುಗಳನ್ನ ಹೊಲಿದವಳು ನಾನೇ.’

ಫೋನನ್ನು ಕಿವಿಗೆ ಇನ್ನೂ ಒತ್ತಿ ಹಿಡಿದೆ.

‘ನೀವು ತಿಳ್ಕೊಂಡಂಗೆ ಇಳಿದಿರೋದು ಅವನ ತೂಕ ಅಲ್ಲ ರೀ,’ ಅಂದಳು. ಹಿಂದೆ ಮಿಷನ್ನು ನಿಂತ ಸದ್ದು. ‘ಅವನು ಮೊದಲು ಎಷ್ಟಿದ್ನೋ ಈಗಲೂ ಅಷ್ಟೇ ಇದ್ದಾನೆ. ಏರಿರೋದು ನಿಮ್ಮದು.’

‘ನನ್ನದಾ? ಅದೆಂಗೆ? ಮದುವೆಯಲ್ಲಿ ಹೊಲಿಸಿದ ಪ್ಯಾಂಟು ಇವತ್ತೂ ನನಗಾಗುತ್ತೆ.’

‘ಯಾಕಾಗಲ್ಲ? ವರ್ಷಕ್ಕೊಂದ್ಸಲ ಅದನ್ನ ಬಿಚ್ಚಿ ಸಡಿಲ ಮಾಡ್ತಿರೋದು ಯಾರು? ಒಳಗೆ ಬಿಟ್ಟಿದ್ದ ಬಟ್ಟೆ ಮುಗಿದು, ಈಗ ಪಕ್ಕದಲ್ಲಿ ಬೇರೆ ತುಂಡೇ ಇದೆ, ತಿರುಗಿಸಿ ನೋಡ್ಕೊಳ್ಳಿ. ನಿಮ್ಮ ಪ್ಯಾಂಟು ಒಂದಿಂಚು ಬಿಟ್ಟಾಗೆಲ್ಲ ಅವನ ಶರ್ಟಿಗೊಂದು ಜೇಬು. ಆರು ವರ್ಷದಿಂದ ನಡೀತಿದೆ ಇದು.’

ನಾನು ಕೆಳಗೆ ನೋಡಿಕೊಂಡೆ. ಹೆಂಚಿನ ಮೇಲೆ ಬೋರಲು ಮಲಗಿದ್ದರಿಂದ ಏನೂ ಕಾಣಲಿಲ್ಲ. ಆದರೆ ನನ್ನ ಮತ್ತು ಹೆಂಚಿನ ನಡುವೆ ಏನೋ ಇತ್ತು, ಅದು ಮೊದಲು ಇರಲಿಲ್ಲ ಅನ್ನುವುದು ಆಗ ಹೊಟ್ಟೆಗೇ ಗೊತ್ತಾಯಿತು.

‘ನನಗೆ ಒಂದು ಮಾತು ಹೇಳಬಾರದಿತ್ತಾ?’

‘ಹೇಳ್ತೀನಿ ಅಂದೆ. ಅವನೇ ಬಿಡಲಿಲ್ಲ. ಹೇಳಿದ್ರೆ ಅಪ್ಪನ ರೂಲು, ಭಾರ ಹೆಚ್ಚಾದವನು ಇಳೀಬೇಕು. ಭಾವನ ಜೀವ ಇರೋದೇ ಛಾವಣಿ ಮೇಲೆ, ಕೆಳಗೆ ಕೂರಿಸಿದ್ರೆ ಒಣಗಿ ಹೋಗ್ತಾರೆ ಅಂದ. ಅದೇನು ದೊಡ್ಡ ಭಾರ ಅಕ್ಕ, ಮೊಳೆ ತಾನೆ, ಹೊರ್ತೀನಿ ಬಿಡು ಅಂದ.’ ಮಿಷನ್ನಿನ ಚಕ್ರ ಒಂದು ಸುತ್ತು ತಿರುಗಿ ನಿಂತಿತು. ‘ರಾತ್ರಿ ಶರ್ಟು ಬಿಚ್ಚಿದ್ರೆ ಎರಡೂ ಹೆಗಲ ಮೇಲೆ ಬರೆ ಇರುತ್ತೆ ಕಣ್ರೀ. ನಾನೇ ಎಣ್ಣೆ ಹಚ್ತೀನಿ.’

ಫೋನು ಜೇಬಿಗೆ ಹಾಕಿದೆ. ಹಾಕಿದೆನೋ, ಕೆಳಗೆ ಹೋಯಿತೋ, ಆಗ ಗೊತ್ತಾಗಲಿಲ್ಲ. ಆಮೇಲೆ ತಿಳಿಯಿತು, ಕೆಳಗೆ ಹೋಗಿತ್ತು.

ಆರು ವರ್ಷ ನಾನು ಎರಡೆರಡು ಸಲ ಬಡಿಸಿಕೊಂಡು ಉಂಡದ್ದನ್ನು ಇವನು ಹೆಗಲ ಮೇಲೆ ಹೊತ್ತುಕೊಂಡು ಇಳಿಜಾರು ಹತ್ತಿದ್ದ. ನನ್ನ ಬೊಜ್ಜು ಅವನ ಜೇಬಿನಲ್ಲಿತ್ತು. ನಾನೋ, ಹಲಗೆಯ ಮೇಲೆ ಜಂಬದಿಂದ ಕೂತು, ‘ನೋಡೋ, ಹದಿನೆಂಟು ವರ್ಷವಾದ್ರೂ ನನ್ನ ತೂಕ ಕೂದಲೆಳೆಯಷ್ಟೂ ಆಚೀಚೆ ಆಗಿಲ್ಲ’ ಅನ್ನುತ್ತಿದ್ದೆ. ಅವನು ‘ಹೂಂ ಭಾವ’ ಅನ್ನುತ್ತಿದ್ದ. ಅವತ್ತು ಆ ತಗಡಿನ ಮೇಲೆ ನಿಂತು ನನಗಾದಷ್ಟು ನಾಚಿಕೆ ಇಡೀ ಜನ್ಮದಲ್ಲಿ ಆಗಿಲ್ಲ. ಅವನನ್ನು ಕಳ್ಳ ಅಂದಿದ್ದೆನಲ್ಲ.

‘ತಪ್ಪಾಯ್ತು!’ ಅಂತ ಕೂಗಿದೆ. ಸರಿಯಾಗಿ ಅದೇ ಹೊತ್ತಿಗೆ ಕೆಳಗೆ ಮೂರು ಲಾರಿ ಒಟ್ಟಿಗೆ ಹಾರ್ನ್ ಹೊಡೆದವು.

‘ಏನಂದ್ರಿ?’ ಸಾಹೇಬರು.

‘ತಪ್ಪಾಯ್ತು ಅನ್ನಿ ಅವನಿಗೆ!’

ಸಾಹೇಬರು ಗೇಟಿನ ಕಡೆ ತಿರುಗಿ ಗಂಟಲು ಸರಿಮಾಡಿಕೊಂಡರು. ‘ಸದರಿ ವಿಷಯದಲ್ಲಿ ಮೇಸ್ತ್ರಿಯವರು ವಿಷಾದ ವ್ಯಕ್ತಪಡಿಸಿದ್ದಾರೆ!’

‘ಅವರ ಬಾಯಲ್ಲಿ ಹಂಗೆ ಬರಲ್ಲ ಸಾರ್,’ ಅಂದ ಭಾಮೈದ ಬೀದಿಯಿಂದ. ‘ನೀವೇ ಸೇರಿಸಿ ಹೇಳ್ತಿದ್ದೀರಿ.’

‘ಇಲ್ವೋ, ನಾನೇ ಕಣೋ, ನಾನೇ...’ ಅಂತ ನಾನು ಶುರುಮಾಡಿದೆ. ಮುಗಿಸಲು ದೋಣಿ ಬಿಡಲಿಲ್ಲ. ಮೊದಲು ಎಡಗಡೆಯ ಮೊಳೆ ಕಿತ್ತಿತು, ಆಮೇಲೆ ಬಲಗಡೆಯದು. ಕಾಲ ಕೆಳಗಿನ ತಗಡು ಮಾಯವಾಯಿತು. ಅದು ಹೆದ್ದಾರಿಗೆ ಬಿದ್ದ ಸದ್ದು ಎಷ್ಟು ತಡವಾಗಿ ಕೇಳಿತೆಂದರೆ, ಆಳ ಎಷ್ಟು ಅನ್ನುವುದು ಆಗ ನನಗೆ ಅಂದಾಜಾಯಿತು.

ನಾನು ಕೂಗಿದೆನಂತೆ. ಏನು ಕೂಗಿದೆ ಅಂತ ನೆನಪಿಲ್ಲ. ಸಾಹೇಬರು ಆಮೇಲೆ ಹೇಳಿದ್ದು, ಹೆಂಡತಿಯ ಹೆಸರನ್ನಲ್ಲ, ದೇವರ ಹೆಸರನ್ನಲ್ಲ, ಭಾಮೈದನ ಹೆಸರು ಹಿಡಿದು ಕೂಗಿದೆನಂತೆ. ಸೂರಿನಾಚೆ ಸೊಂಟದವರೆಗೆ ಇಳಿದು ನೇತಾಡುತ್ತಿದ್ದೆ. ಆ ಕಡೆ ಕುರ್ಚಿ ಮಗುಚಿ, ಸಾಹೇಬರು ಅಂಗಳದಲ್ಲಿ ಮನೆಯ ಕಡೆಗೆ ಜಾರುತ್ತ, ಚಪ್ಪಲಿ ಊರಿ ಊರಿ ನಿಲ್ಲಲು ನೋಡುತ್ತ, ‘ತೊಂಬತ್ತೆರಡು ಕಿಲೋ ಸಾಲ್ತಾ ಇಲ್ಲ! ತೊಂಬತ್ತೆರಡು ಸಾಲ್ತಾ ಇಲ್ಲ!’ ಅಂತ ಬೊಬ್ಬೆ ಹೊಡೆಯುತ್ತಿದ್ದರು.

ಗೇಟು ಬಡಿಯಿತು. ಓಡಿಬಂದ ಹೆಜ್ಜೆಯ ಸದ್ದು. ಹಗ್ಗಕ್ಕೆ ಯಾರೋ ಜೋತುಬಿದ್ದರು. ಆ ಹಿಡಿತ ಯಾರದು ಅಂತ ಕಣ್ಣು ಮುಚ್ಚಿಕೊಂಡೇ ಹೇಳಬಲ್ಲೆ, ಹದಿನೆಂಟು ವರ್ಷದಿಂದ ನನ್ನ ಸೊಂಟಕ್ಕೆ ಗೊತ್ತಿರುವ ಹಿಡಿತ ಅದು. ಜಾರುವುದು ನಿಂತಿತು.

‘ಸಾರ್, ಬೀದಿಗೆ ನಡೀರಿ!’

‘ಚಡ್ಡಿ ಕಣಯ್ಯಾ!’

‘ಸಾರ್, ನಮ್ಮ ಭಾವ ಸಾರ್!’

ಅವನು ಜೀವಮಾನದಲ್ಲಿ ಅಷ್ಟು ಜೋರಾಗಿ ಮಾತಾಡಿದ್ದು ನಾನು ಕೇಳಿಲ್ಲ. ಸಾಹೇಬರು ಮೂವತ್ತೈದು ವರ್ಷದ ಮರ್ಯಾದೆಯನ್ನು ಅಂಗಳದಲ್ಲೇ ಬಿಟ್ಟು, ಪಟ್ಟೆ ಚಡ್ಡಿಯಲ್ಲಿ, ತೂತು ಬನೀನಿನಲ್ಲಿ, ಗೇಟು ದಾಟಿ ಬೀದಿಗೆ ನುಗ್ಗಿದರು. ಹಿಂದೆ ಭಾಮೈದ. ಇಬ್ಬರೂ ಎತ್ತಿನ ಜೋಡಿಯ ಹಾಗೆ ಎಳೆದರು. ನಾನು ಸೂರಿನ ಅಂಚಿನಿಂದ ಹೊಟ್ಟೆ ಉಜ್ಜಿಕೊಂಡು, ಗಲ್ಲ ಉಜ್ಜಿಕೊಂಡು, ಅಂಗಿಯ ಗುಂಡಿ ಒಂದೊಂದಾಗಿ ಕಿತ್ತುಕೊಂಡು ಮೇಲೆ ಮೇಲೆ ಬಂದು, ನೆತ್ತಿಯನ್ನು ತಬ್ಬಿ ಹಿಡಿದೆ. ಒಂದು ಕಾಲು ಈ ಕಡೆ, ಒಂದು ಕಾಲು ಆ ಕಡೆ ಹಾಕಿ ಕೂತೆ.

ಮೇಲಿಂದ ಎಲ್ಲ ಕಂಡಿತು. ಅಂಗಡಿಯವರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು. ಭಾಮೈದ ಸಾಹೇಬರ ಗಂಟು ಬಿಚ್ಚಿ, ಹಗ್ಗದ ತುದಿ ನೆಲಕ್ಕೆ ಬೀಳುವ ಮೊದಲೇ ಅದನ್ನು ತನ್ನ ಸೊಂಟಕ್ಕೆ ಕಟ್ಟಿಕೊಂಡ. ಸಾಹೇಬರು ಗಡಿಯಾರ ನೋಡಿಕೊಂಡರು. ನಾಲ್ಕೂ ನಲವತ್ತು. ಮನೆಯ ಕಡೆ ನೋಡಿದರು, ಅಂಗಡಿಗಳ ಕಡೆ ನೋಡಿದರು.

‘ಎಲ್ಲ ನೋಡಿಯಾಯ್ತಲ್ಲ, ಇನ್ನೇನು,’ ಅಂದರು. ಪಿಂಚಣಿ ಆಫೀಸಿನ ದಾರಿ ಹಿಡಿದು, ಹಾಗೆಯೇ, ಎದೆ ಉಬ್ಬಿಸಿಕೊಂಡು ನಡೆದೇಬಿಟ್ಟರು. ಅಲ್ಲಿಯ ಗುಮಾಸ್ತ ಒಂದೂ ಪ್ರಶ್ನೆ ಕೇಳದೆ ಮುದ್ರೆ ಒತ್ತಿದನಂತೆ.

ಭಾಮೈದ ಏಣಿ ಹತ್ತಿ ಬಂದು ನೆತ್ತಿಯ ಮೇಲೆ, ನನ್ನ ಎದುರಿಗೆ, ನನ್ನ ಹಾಗೆಯೇ ಕಾಲು ಚಾಚಿ ಕೂತ. ಇಷ್ಟು ವರ್ಷ ಒಂದೇ ಹಗ್ಗದಲ್ಲಿದ್ದರೂ ಛಾವಣಿಯ ಮೇಲೆ ನಾವು ಒಬ್ಬರ ಮುಖ ಒಬ್ಬರು ನೋಡಿದ್ದು ಅದೇ ಮೊದಲು. ಅವನು ಆ ಕಡೆ, ನಾನು ಈ ಕಡೆ ಇರುತ್ತಿದ್ದೆವಲ್ಲ. ಅವನ ಕಿವಿಯ ಹತ್ತಿರ ಕೂದಲು ನರೆತಿತ್ತು. ಶರ್ಟಿನ ಅಸ್ತರು ಹರಿದು ಹೊರಗೆ ನೇತಾಡುತ್ತಿತ್ತು. ಅದರಲ್ಲಿ ಸಾಲಾಗಿ ಜೇಬುಗಳು, ಅಚ್ಚುಕಟ್ಟಾದ ಹೊಲಿಗೆ. ತೆರೆದ ಕತ್ತಿನ ಹತ್ತಿರ ಹೆಗಲ ಮೇಲಿನ ಬರೆ ಕಾಣುತ್ತಿತ್ತು.

‘ತಪ್ಪಾಯ್ತು ಕಣೋ,’ ಅಂದೆ. ಲಾರಿಗಳ ಮೇಲೆ ಕೂಗಿ ಹೇಳಬೇಕಾಗಿರಲಿಲ್ಲ, ಮೆಲ್ಲಗೆ ಅಂದರೆ ಸಾಕಿತ್ತು. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲು ನೆತ್ತಿಯಿಂದ ಕೈ ಬಿಡಲು ಭಯ.

‘ಬಿಡಿ ಭಾವ.’ ಅವನು ಹರಿದ ಅಸ್ತರನ್ನು ಶರ್ಟಿನೊಳಗೆ ತುರುಕಿಕೊಂಡ. ‘ಇನ್ನು ಜೇಬು ಹಾಕೋಕೆ ಶರ್ಟಲ್ಲಿ ಜಾಗ ಇಲ್ಲ ಅಂತ ಅಕ್ಕ ಅಂದ್ಲು. ಹೆಂಗೆ ಹೇಳೋದು ಅಂತ ಒಂದು ವರ್ಷದಿಂದ ನೋಡ್ತಿದ್ದೆ’ ಅಂದ.

ನಾನು ಕೆಳಗೆ ನೋಡಿದೆ. ಅರ್ಧ ಉಜ್ಜಿದ ಹೆಂಚುಗಳು, ದೋಣಿ ಕಿತ್ತುಹೋದ ಸೂರು.

‘ನಾಳೆಯಿಂದ ನಾನು ಕೆಳಗೇ ಇರ್ತೀನಿ,’ ಅಂದೆ. 

ಅಂದವನು ಅವನ ಮುಖ ನೋಡುತ್ತ ಕಾದೆ. ‘ಹಂಗನ್ಬೇಡಿ ಭಾವ, ನೀವಿಲ್ದೆ ಹೆಂಗೆ’ ಅಂತ ಅವನು ಅಂದೇ ಅನ್ನುತ್ತಾನೆ ಅಂತ ನನಗೆ ಖಾತ್ರಿ ಇತ್ತು. ಆರು ವರ್ಷ ಅಷ್ಟು ಕಬ್ಬಿಣ ಹೊತ್ತವನು ಅಷ್ಟು ಅನ್ನದೇ ಇರುತ್ತಾನೆಯೇ.

ಅವನು ಅನ್ನಲಿಲ್ಲ. ಉಸಿರು ಬಿಟ್ಟ, ತುಂಬ ದೊಡ್ಡ ಉಸಿರು. ಅವನ ಹೆಗಲು ಎರಡೂ ಮೆಲ್ಲಗೆ ಕೆಳಗಿಳಿದವು.

‘ಏಣಿ ಮೇಲಿಂದ ನಾನು ಹಿಡ್ಕೊಂಡಿರ್ತೀನಿ,’ ಅಂದ. ‘ನೀವು ಮೊದಲು ಇಳೀರಿ ಭಾವ. ನಿಧಾನ.’

‘ಹೂಂ,’ ಅಂದೆ.